ಬಲೆಯ ಮೇಲೆ ಹೊರಿಸಿದ ಸಾವು

ಆ ಹಕ್ಕಿ ಬಲೆಗೆ ಸಿಕ್ಕಿ ಸಾಯಲಿಲ್ಲ. ನನ್ನ ಗದ್ದೆಯ ಬದುವಿನಲ್ಲಿ, ನಾನು ಕೈಯಾರೆ ಇಟ್ಟ ವಿಷದಿಂದ ಸತ್ತಿತು. ಬಲೆಗೆ ಸಿಕ್ಕಿದ್ದನ್ನು ಕಂಡೆ ಎಂದು ಹೇಳಿದವನು ನಾನು. ಕಂಡಿರಲಿಲ್ಲ. ಕಾಣುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಮುಂದೆ ನನ್ನ ಕೈ ಎಲ್ಲಿಯಾದರೂ ನಿಂತುಹೋದರೂ, ಓದುವವರು ಬೇಸರದಿಂದ ಕಾಗದ ಮಡಚಿಟ್ಟರೂ, ವಿಷಯ ಮಾತ್ರ ಗೊತ್ತಾಗಿರಲಿ ಎಂದು.

ನನ್ನ ಹೆಸರು ಮಲ್ಲೇಶಪ್ಪ. ಶನಿವಾರಸಂತೆಯಿಂದ ಕೊಡ್ಲಿಪೇಟೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮ ಊರು. ಆರನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟೆ. ಅದಕ್ಕೆ ನಾಚಿಕೆಪಟ್ಟವನಲ್ಲ. ಓದಿದವರು ಬಂದು ನನ್ನ ಗದ್ದೆಯ ಬದು ನೋಡಿಕೊಂಡು ಹೋಗಲಿ ಎನ್ನುತ್ತಿದ್ದೆ. ನಿಜಕ್ಕೂ ಬರುತ್ತಿದ್ದರು. ಊರ ಕೆರೆಯ ಕೆಳಗಿನ ಮೊದಲ ಗದ್ದೆ ನನ್ನದು. ಮಳೆಗಾಲದಲ್ಲಿ ಎಲ್ಲರ ಗದ್ದೆಯ ನೀರು ಸೋರಿ ಹೋದರೂ ನನ್ನದರಲ್ಲಿ ಗೇಣು ನೀರು ನಿಂತೇ ಇರುತ್ತಿತ್ತು.

ನಮ್ಮ ಕಡೆ ಬದುವಿಗೆ ಶತ್ರು ಏಡಿ. ಬದುವಿನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಬಿಲ ಕೊರೆದುಬಿಡುತ್ತದೆ. ಬೆಳಗಾಗುವುದರೊಳಗೆ ನೀರೆಲ್ಲ ಕೆಳಗಿನವನ ಗದ್ದೆಗೆ. ಮುಚ್ಚುವುದಕ್ಕೆ ಒಂದು ಕ್ರಮ ಉಂಟು. ಬೆಳಿಗ್ಗೆ ಬರಿಗಾಲಲ್ಲಿ ಬದುವಿನ ಮೇಲೆ ನಡೆಯಬೇಕು. ಸೋರುವ ಬಿಲ ಸಣ್ಣಗೆ ಸದ್ದು ಮಾಡುತ್ತದೆ. ಅಲ್ಲಿ ಮಂಡಿಯೂರಿ, ಮೊಣಕೈವರೆಗೆ ಕೈ ತೂರಿಸಿ, ಏಡಿಯನ್ನು ಎಳೆದು ತೆಗೆದು, ಹುಲ್ಲು ಬೆರೆಸಿದ ಕೆಸರು ಜಡಿದು ಹಿಮ್ಮಡಿಯಿಂದ ತುಳಿಯಬೇಕು. ಹನ್ನೆರಡನೇ ವಯಸ್ಸಿನಿಂದ ನಾನು ಇದನ್ನೇ ಮಾಡಿಕೊಂಡು ಬಂದವನು. ಇದಕ್ಕೆ ಇನ್ನೊಂದು ಸುಲಭದ ದಾರಿಯೂ ಇತ್ತು — ಅಂಗಡಿಯಲ್ಲಿ ಸಿಗುವ ಹರಳು ಔಷಧಿಯನ್ನು, ಅಂದರೆ ಹುಳ ಕೊಲ್ಲುವ ವಿಷದ ಹರಳನ್ನು, ಅನ್ನಕ್ಕೆ ಕಲಸಿ ಬಿಲದೊಳಗೆ ಇಡುವುದು. ಅದನ್ನು ಮಾಡುವವರನ್ನು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ. ಸೋಮಾರಿಗಳ ಕೆಲಸ ಎನ್ನುತ್ತಿದ್ದೆ.

ಕರಾವಳಿಯಿಂದ ಶೈಲಜಾ ಮೇಡಂ ನಮ್ಮೂರಿಗೆ ಮೊದಲ ಸಲ ಬಂದದ್ದು ಕೆರೆ ನೋಡುವುದಕ್ಕೆ. ಅವರು ಹಕ್ಕಿಗಳ ಬಗ್ಗೆ ಕೆಲಸ ಮಾಡುವವರು. ಉತ್ತರದ ಹಿಮದ ನಾಡುಗಳಲ್ಲಿ ಮರಿ ಮಾಡುವ ಹಕ್ಕಿಗಳು ಚಳಿಗಾಲ ಕಳೆಯಲು ನಮ್ಮ ಕಡಲ ತೀರದ ಅಳಿವೆಗಳಿಗೆ, ಕೆಸರು ಬಯಲುಗಳಿಗೆ ಬರುತ್ತವೆ ಎಂದು ಹೇಳಿದರು. ದಾರಿಯಲ್ಲಿ ಎಷ್ಟೋ ದೇಶ. ಒಂದು ದೇಶ ಕಾಪಾಡಿ ಇನ್ನೊಂದು ದೇಶ ಕೈಬಿಟ್ಟರೆ ಹಕ್ಕಿ ಉಳಿಯುವುದಿಲ್ಲ. ಅದಕ್ಕೇ ಆ ದಾರಿಯ ದೇಶಗಳು ಕೂತು ಒಂದು ಮಾತಿಗೆ ಬಂದಿವೆಯಂತೆ. ಗಾಳಿಮಳೆಗೆ ಸಿಕ್ಕಿ ದಣಿದ ಹಕ್ಕಿ ಘಟ್ಟ ದಾಟುವ ಮೊದಲು ನಮ್ಮ ಕೆರೆಯಂಥ ಕೆರೆಗಳಲ್ಲಿ ಇಳಿಯುತ್ತದೆ — ಸಂತೆಗೆ ಹೊರೆ ಹೊತ್ತವರಿಗೆ ದಾರಿಯಲ್ಲಿ ಕಟ್ಟೆ ಇದ್ದ ಹಾಗೆ, ಅಂದರು. ಆ ಮಾತು ನನಗೆ ಹಿಡಿಸಿತು.

ಆವತ್ತು ಏರಿಯ ಮೇಲೆ ಮೊಯ್ದುವೂ ಇದ್ದ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಅವನದು. ಅವನ ಅಪ್ಪನ ಕಾಲದಿಂದ ಬಂದದ್ದು. ನನ್ನ ವಾರಗೆಯವನು. ಒಂದೇ ಬೆಂಚಿನಲ್ಲಿ ಕೂತು, ಒಂದೇ ವರ್ಷ ಶಾಲೆ ಬಿಟ್ಟವರು ನಾವು.

"ಪಾಸ್‌ಪೋರ್ಟ್ ಇಲ್ದೆ ಬರೋರು ಇವ್ರೊಬ್ರೇ ನೋಡಿ ಗೌಡ್ರೇ," ಅಂದ. "ನಮ್ ಅಳಿಯ ಗಲ್ಫಿಗೆ ಹೋಗಕ್ಕೆ ಮೂರು ಸಲ ಬೆಂಗ್ಳೂರಿಗೆ ಅಲೆದ. ಇವಕ್ಕೆ ರೆಕ್ಕೆ ಒಂದಿದ್ರೆ ಆಯ್ತು."

"ನಿನ್ನ ಅಳಿಯಂಗೆ ಮೀನು ತಿಂದೂ ತಿಂದೂ ಮೈ ಭಾರ, ರೆಕ್ಕೆ ಇದ್ರೂ ಏಳಲ್ಲ ಬಿಡೋ," ಅಂದೆ. ಮೇಡಂ ಕೂಡ ನಕ್ಕರು.

ಕೆರೆ ಸಮಿತಿ ಆಯಿತು. ಎರಡು ಮಾತಿಗೆ ಎಲ್ಲರೂ ಒಪ್ಪಿ ಸಹಿ ಹಾಕಿದೆವು. ಕೆರೆಯ ಕೆಳಗಿನ ಗದ್ದೆಗಳಿಗೆ ಹರಳು ಔಷಧಿ ಹಾಕಬಾರದು. ಬಲೆಯನ್ನು ತೂಬಿನ ಹತ್ತಿರದ ಮೂಲೆಯಲ್ಲಿ ಮಾತ್ರ ಕಟ್ಟಬೇಕು, ಸೂರ್ಯ ಮೂಡುವ ಮೊದಲು ಎತ್ತಬೇಕು. ಅಧ್ಯಕ್ಷ ಯಾರು ಎಂದಾಗ ನನ್ನ ಹೆಸರು ಹೇಳಿದವನು ಮೊಯ್ದು.

ಎಂಟು ವರ್ಷದ ಹಿಂದಿನ ಮಳೆಗಾಲ. ನಾಟಿಯ ಸಮಯದಲ್ಲಿ ಬದುವಿನಿಂದ ಜಾರಿ ಬಿದ್ದು ನನ್ನ ಎಡಗಾಲಿನ ಮಂಡಿಯೊಳಗೆ ಏನೋ ಹರಿಯಿತು. ಕಾಲು ಮಡಚಲಾಗುತ್ತಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನಡೆದ ಸಾಲಿಗೆ ಬೇಕು ಎಂದು ಹೇಳುತ್ತಿದ್ದೇನೆ. ಬಿಲ ಮುಚ್ಚುವುದಕ್ಕೆ ಆಳು ಕರೆಯಬಹುದಿತ್ತು. ಹೆಂಡತಿ ಪಾರ್ವತಿ ಹೇಳಿದಳು ಕೂಡ.

"ನಾಲ್ಕು ದಿವ್ಸ ಆಳು ಇಟ್ಕೊಳ್ಳಿ. ಬದು ಎಲ್ಲೂ ಓಡೋಗಲ್ಲ."

"ನನ್ನ ಬದುನ ಇನ್ನೊಬ್ಬ ತುಳಿಬೇಕಾ?" ಅಂದೆ.

"ಅಯ್ಯೋ, ಬದು ಅಂದ್ರೆ ಇವರಿಗೆ ಎರಡನೇ ಸಂಸಾರ," ಎಂದು ಒಳಗೆ ಹೋದಳು.

ಭಾದ್ರಪದ ಬರುವ ಹೊತ್ತಿಗೆ ಬದು ಹತ್ತಾರು ಕಡೆ ಸೋರತೊಡಗಿತ್ತು. ಕೆಳಗಿನ ಗದ್ದೆಯವನು ಒಂದು ಬೆಳಿಗ್ಗೆ ಎಲ್ಲರ ಎದುರಿಗೆ, "ಏನ್ ಗೌಡ್ರೇ, ಈ ವರ್ಷ ನಮ್ ಗದ್ದೆಗೂ ನೀವೇ ನೀರು ಕಟ್ತಿದೀರಾ? ನಾವು ಮನೇಲಿ ಮಲ್ಕೊಬೋದಾ?" ಅಂದ. ಎಲ್ಲರೂ ನಕ್ಕರು. ನಗುವಂಥ ಮಾತೇ. ನನಗೆ ಮಾತ್ರ ಅದು ಒಳಗೆ ಹೋಗಿ ಕೂತಿತು. ಅದೇ ವಾರ ಮೇಡಂ ಫೋನ್ ಮಾಡಿದರು — ಬೇರೆ ದೇಶದವರು ಕೆಲವರು ಬರುತ್ತಿದ್ದಾರೆ, ಔಷಧಿ ಹಾಕದೆ ಗದ್ದೆ ಮಾಡುವುದು ಹೇಗೆ ಎಂದು ನೋಡಬೇಕಂತೆ, "ನಿಮ್ಮ ಗದ್ದೆಯನ್ನೇ ತೋರಿಸ್ತೀವಿ ಮಲ್ಲೇಶಪ್ಪನವರೇ."

ಸೋರುವ ಬದುವನ್ನು ಅವರಿಗೆ ತೋರಿಸುವುದೆಂದರೆ... ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಶನಿವಾರಸಂತೆಯ ಅಂಗಡಿಯವರಿಗೆ ನನ್ನ ಪರಿಚಯ ಇದ್ದದ್ದರಿಂದ ಕೊಡ್ಲಿಪೇಟೆಗೆ ಹೋಗಿ ಹರಳು ತಂದೆ. ಅಷ್ಟು ಬುದ್ಧಿ ಓಡಿತ್ತು ಎಂಬುದನ್ನು ಗಮನಿಸಿ. ಹಗಲಲ್ಲೇ, ಎಲ್ಲರೂ ಊಟಕ್ಕೆ ಹೋದಾಗ, ಅನ್ನಕ್ಕೆ ಕಲಸಿ ಉದ್ದ ಕೋಲಿನಿಂದ ಹನ್ನೊಂದು ಬಿಲಗಳಿಗೆ ತುರುಕಿದೆ. ಬಗ್ಗುವ ಕೆಲಸ ಇರಲಿಲ್ಲ.

ಅದೇ ಸಂಜೆ ಮೇಡಂ ಮತ್ತೆ ಫೋನ್ ಮಾಡಿದರು. ದನಿಯಲ್ಲಿ ಸಂಭ್ರಮ. "ನಮ್ಮ ಹಕ್ಕಿ ನಿಮ್ಮೂರಿಗೆ ಬಂದಿದೆ! ನಿಮ್ಮ ಕೆರೆ ಹತ್ತಿರಾನೇ ಇಳಿದಿದೆ." ಹಿಂದಿನ ಚಳಿಗಾಲದಲ್ಲಿ ಅವರು ತಮ್ಮ ಅಳಿವೆಯಲ್ಲಿ ಒಂದು ಹಕ್ಕಿ ಹಿಡಿದು ಅದರ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಬಿಟ್ಟಿದ್ದರು. ಅದು ಎಲ್ಲೇ ಇಳಿದರೂ ಅವರಿಗೆ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಉತ್ತರಕ್ಕೆ ಹೋಗಿ, ಮರಿ ಮಾಡಿ, ಈಗ ತಿರುಗಿ ಬರುತ್ತಿತ್ತು. ಇನ್ನೊಂದು ಹಾರಾಟ — ಘಟ್ಟ ಇಳಿದರೆ ಕಡಲು.

ಕೋಲೂರಿಕೊಂಡು ಏರಿಯ ಮೇಲೆ ಹೋಗಿ ನೋಡಿದೆ. ಕೋಳಿಯಷ್ಟು ದೊಡ್ಡದು, ಮಣ್ಣಿನ ಬಣ್ಣ, ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ ಉದ್ದನೆಯ ಕೊಕ್ಕು. ನನ್ನ ಗದ್ದೆಯ ಬದುವಿನ ಪಕ್ಕದಲ್ಲೇ ನಡೆದಾಡುತ್ತಿತ್ತು. ಕೊಕ್ಕನ್ನು ಬಿಲದೊಳಗೆ ಇಳಿಸಿ, ಕತ್ತು ಓರೆ ಮಾಡಿ, ಏಡಿಯನ್ನು ಎಳೆಯುತ್ತಿತ್ತು — ನಾನು ಕೈ ಹಾಕಿ ಎಳೆಯುವ ಹಾಗೆಯೇ. ಇಷ್ಟು ವರ್ಷ ನಾನು ಮಾಡಿದ ಕೆಲಸವನ್ನು ಇನ್ನೊಂದು ಜೀವ ಮಾಡುವುದನ್ನು ನಿಂತು ನೋಡಿದೆ. ಖುಷಿಯೂ ಆಯಿತು. ಸುಳ್ಳಲ್ಲ.

ಇಲ್ಲಿ ನಾನು ನಿಲ್ಲಬೇಕು. ಆ ಹೊತ್ತಿಗೆ ಹಕ್ಕಿ ಆ ತುದಿಯಲ್ಲಿತ್ತು, ವಿಷ ಈ ತುದಿಯಲ್ಲಿತ್ತು. ಬೆಳಕಿತ್ತು. ಕೂಗಿದರೆ ಬರುವಷ್ಟು ದೂರದಲ್ಲಿ ಮೊಯ್ದು ಬಲೆ ಬಿಡಿಸುತ್ತ ಕೂತಿದ್ದ. "ಬಾರೋ, ತಪ್ಪು ಮಾಡಿದೀನಿ, ಹನ್ನೊಂದು ಬಿಲ ಅಗೆದು ಕೊಡು" ಎಂದಿದ್ದರೆ ಅವನು ಬೈದುಕೊಂಡೇ ಅಗೆದು ಕೊಡುತ್ತಿದ್ದ. ಕೊನೆಗೆ ಹಕ್ಕಿಯನ್ನಾದರೂ ಓಡಿಸಬಹುದಿತ್ತು; ಒಂದು ಕಲ್ಲು ಸಾಕಾಗಿತ್ತು. ಬಿಲದೊಳಗೆ ಇಟ್ಟದ್ದು ಬಿಲದೊಳಗೇ ಇರುತ್ತದೆ ಎಂದುಕೊಂಡೆ. ಇಲ್ಲ — ಹಾಗೆ ಅಂದುಕೊಳ್ಳಲು ಒಪ್ಪಿಕೊಂಡೆ. ವಿಷ ತಿಂದ ಏಡಿ ಸಾಯುವುದಕ್ಕೆ ಹೊರಗೆ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮರುದಿನ ಬೆಳಿಗ್ಗೆ ಹಕ್ಕಿ ಬದುವಿನ ಕೆಳಗೆ ಬಿದ್ದಿತ್ತು. ಸುತ್ತಲಿನ ಕೆಸರೆಲ್ಲ ರೆಕ್ಕೆ ಬಡಿದು ಗೀರಿಹೋಗಿತ್ತು, ಎರಡು ಮಾರಿನಷ್ಟು ಜಾಗ. ಪಕ್ಕದಲ್ಲಿ ಏಡಿಯ ಕಾಲುಗಳು. ಎತ್ತಿಕೊಂಡಾಗ ಭಾರವೇ ಇರಲಿಲ್ಲ. ಅಷ್ಟು ದೂರ ಹಾರಿ ಬಂದ ಮೈಯಲ್ಲಿ ಏನೂ ಉಳಿದಿರಲಿಲ್ಲ. ಕಾಲಿನಲ್ಲಿ ಅಕ್ಷರ ಕೊರೆದ ಉಂಗುರ. ಬೆನ್ನ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪೆಟ್ಟಿಗೆ.

ಹಕ್ಕಿಯನ್ನು ಬಾಳೆಯ ಬುಡದಲ್ಲಿ ಹೂತೆ. ಪೆಟ್ಟಿಗೆಯನ್ನು ಕಲ್ಲಿಗೆ ಕಟ್ಟಿ ಕೆರೆಗೆ ಎಸೆದೆ. ಕೆರೆ ದೊಡ್ಡದು. ಎಲ್ಲಿ ಬೇಕಾದರೂ ಎಸೆಯಬಹುದಿತ್ತು. ನಾನು ತೂಬಿನ ಮೂಲೆಗೆ ಎಸೆದೆ. ಅಲ್ಲಿ ಆಳ ಜಾಸ್ತಿ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆಳ ಜಾಸ್ತಿ, ನಿಜ. ಮೊಯ್ದುವಿನ ಬಲೆ ಇನ್ನೂ ನೀರಿನಲ್ಲಿತ್ತು ಎಂಬುದೂ ನಿಜ. ಆವತ್ತು ಅವನ ಹೆಂಡತಿ ಆಯಿಷಾಗೆ ಜೋರು ಜ್ವರ. ಅವನು ಬಲೆ ಎತ್ತಲು ಬಂದದ್ದು ಬಿಸಿಲು ಏರಿದ ಮೇಲೆ. ಬಂದವನೇ ನನ್ನನ್ನು ಕಂಡು, "ತಡ ಆಯ್ತು ಗೌಡ್ರೇ, ಅಧ್ಯಕ್ಷ್ರು ದಂಡ ಹಾಕ್ಬೇಡಿ," ಎಂದು ನಗೆಯಾಡಿದ್ದ. ಹೀಗೆ ಅವನ ತಪ್ಪು ನನಗೆ ಗೊತ್ತಾಗಿತ್ತು. ಅವನೇ ಹೇಳಿದ್ದ.

ಎರಡು ದಿನ ಬಿಟ್ಟು ಮೇಡಂ ಬಂದರು. ಯಂತ್ರದ ಸುದ್ದಿ ಕೆರೆಯ ಆ ಮೂಲೆಯಲ್ಲಿ ನಿಂತುಹೋಗಿತ್ತು. ಜೊತೆಗೆ, ಗದ್ದೆ ನೋಡಬೇಕಿದ್ದವರಲ್ಲಿ ಮೊದಲೇ ಬಂದ ಉತ್ತರದ ದೇಶದ ಒಬ್ಬ ಎತ್ತರದ ಮನುಷ್ಯ. ಆ ಹಕ್ಕಿ ಮರಿಯಾಗಿದ್ದಾಗ ಅದರ ಕಾಲಿಗೆ ಉಂಗುರ ತೊಡಿಸಿದವನು ಅವನೇ ಎಂದು ಮೇಡಂ ಹೇಳಿದರು. ಅಲ್ಲಿ ಇವನು ತೊಡಿಸಿದ ಉಂಗುರ, ಇಲ್ಲಿ ಇವರು ಕಟ್ಟಿದ ಯಂತ್ರ, ನಡುವೆ ಎಷ್ಟೋ ಊರಿನ ಎಷ್ಟೋ ಜನ ನೋಡಿ, ಬರೆದು, ಒಬ್ಬರಿಗೊಬ್ಬರು ತಿಳಿಸಿ... ಎಲ್ಲ ದಾಟಿಕೊಂಡು ಬಂದು ನನ್ನ ಕೈಗೆ.

ಏರಿಯ ಮೇಲೆ ನಾವು ನಾಲ್ಕು ಜನ ನಿಂತಿದ್ದೆವು. ಮೇಡಂ ಕೇಳಿದರು, "ಏನಾದ್ರೂ ಕಂಡ್ರಾ ಮಲ್ಲೇಶಪ್ಪನವರೇ?"

"ಬಲೆಗೆ ಸಿಕ್ಕಿತ್ತು ಮೇಡಂ," ಅಂದೆ. "ಬಿಸಿಲು ಬಂದಿತ್ತು, ಬಲೆ ಇನ್ನೂ ಎತ್ತಿರಲಿಲ್ಲ. ನಾನು ತೆಪ್ಪ ಬಿಚ್ಚೋದ್ರೊಳಗೆ ಬಲೆಯಿಂದ ಜಾರಿ ಮುಳುಗಿಹೋಯ್ತು. ಕಣ್ಣಾರೆ ಕಂಡೆ."

ಮೊಯ್ದು ನನ್ನ ಮುಖ ನೋಡಿದ. ಅವನು ಜಗಳ ಮಾಡುತ್ತಾನೆ ಎಂದು ಕಾಯುತ್ತಿದ್ದೆ. ಮಾಡಿದ್ದರೆ ನಾನೂ ದನಿ ಏರಿಸಿ ಗೆಲ್ಲುತ್ತಿದ್ದೆನೋ, ಇಲ್ಲ, ಸೋತು ನಿಜ ಹೇಳುತ್ತಿದ್ದೆನೋ. ಅವನು ಜಗಳ ಮಾಡಲಿಲ್ಲ.

"ನೀವು ಕಂಡಿದ್ದಾ?" ಅಂದ. "ಹಾಗಾದ್ರೆ ಸಿಕ್ಕಿರ್ಬೇಕು. ಬಲೆ ಎತ್ತುವಾಗ ನಂಗೆ ಏನೂ ಕಾಣ್ಲಿಲ್ಲ. ಆದ್ರೆ ಗೌಡ್ರು ಸುಳ್ಳು ಹೇಳೋರಲ್ಲ ಮೇಡಂ. ನಾನು ತಡ ಮಾಡಿದ್ದು ನಿಜ."

ಎತ್ತರದ ಮನುಷ್ಯ ಏನೋ ಕೇಳಿದ. ಮೇಡಂ ಕನ್ನಡದಲ್ಲಿ ಹೇಳಿದರು, "ತುಂಬ ಒದ್ದಾಡಿತಾ ಅಂತ ಕೇಳ್ತಿದಾರೆ."

ಕೆಸರಿನ ಮೇಲಿನ ಆ ಎರಡು ಮಾರಿನ ಗೀರು ನನ್ನ ಕಣ್ಣೆದುರಿಗೆ ಇತ್ತು. "ಇಲ್ಲ," ಅಂದೆ. "ಬೇಗ ಹೋಯ್ತು." ಅವನು ತಲೆ ಆಡಿಸಿ ನನ್ನ ಕೈ ಹಿಡಿದು ಕುಲುಕಿದ. ಎರಡು ಕೈಯಿಂದ.

ಮೇಡಂ ನಾನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡರು. ಅದೇ ತಿಂಗಳು ಸಮಿತಿ ಸೇರಿತು. ಕೆರೆಯಲ್ಲಿ ಬಲೆ ಪೂರ್ತಿ ನಿಲ್ಲಿಸಬೇಕೆಂದು ಯಾರೋ ಹೇಳಿದರು. ಕೆಲವರು ಅದಕ್ಕೇ ಕಾದಿದ್ದ ಹಾಗೆ ಮಾತಾಡಿದರು — "ಇವರ ಜನಕ್ಕೆ ಹೇಳಿದ ಮಾತು ನಿಲ್ಲಲ್ಲ" ಎಂಬ ಥರದ ಮಾತು. ಅಧ್ಯಕ್ಷನ ಕುರ್ಚಿಯಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ. ಸಹಿ ಮಾತ್ರ ಹಾಕಿದೆ. ಮೊಯ್ದು ಮಾರನೆಯ ದಿನ ಬಲೆಗಳನ್ನು ಒಣಗಿಸಿ, ಸುತ್ತಿ, ಹೆಗಲಿಗೆ ಹಾಕಿಕೊಂಡು ನನ್ನ ಗದ್ದೆಯ ಬದುವಿನ ಮೇಲೇ ನಡೆದು ಹೋದ. "ಬರ್ತೀನಿ ಗೌಡ್ರೇ," ಅಂದ. ಈಗ ಅವನು ಶನಿವಾರಸಂತೆಯಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಕೂತು ಮೀನು ಕತ್ತರಿಸುತ್ತಾನೆ. ಕಡಲ ಮೀನು, ಐಸ್ ಹಾಕಿದ್ದು.

ನನ್ನ ಮಾತು ಅಲ್ಲಿಗೆ ನಿಲ್ಲಲಿಲ್ಲ. ಹಲವು ದೇಶದವರು ಸೇರಿದ ಒಂದು ಸಭೆಯಲ್ಲಿ ಅದನ್ನು ಓದಿದರಂತೆ. ಮೇಡಂ ಆ ಸಾಲನ್ನು ಫೋನಿನಲ್ಲಿ ನನಗೂ ಓದಿ ಹೇಳಿದರು: ಒಳನಾಡಿನ ಕೆರೆಯಲ್ಲಿ ಮೀನಿನ ಬಲೆಗೆ ಸಿಲುಕಿ ಸಾವು, ರೈತರೊಬ್ಬರು ಕಣ್ಣಾರೆ ಕಂಡಿದ್ದಾರೆ. ಆಮೇಲೆ ಬೇರೆ ಕೆರೆಗಳಲ್ಲೂ ಬಲೆಗಳ ಮೇಲೆ ಕಣ್ಣು ಬಿತ್ತು. ಎಷ್ಟು ಮೊಯ್ದುಗಳು ಬಲೆ ಸುತ್ತಿಕೊಂಡು ಹೋದರೋ ನನಗೆ ಗೊತ್ತಿಲ್ಲ. ಹರಳಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತಬೇಕಾದವನು ನಾನು.

ಇದನ್ನೇ ನಾನು ಬಿಡಿಸಿ ಹೇಳಬೇಕಾದದ್ದು. ನಾನು ಮತ್ತೆ ಹರಳು ಮುಟ್ಟಲಿಲ್ಲ; ಅದರಲ್ಲಿ ದೊಡ್ಡತನ ಏನೂ ಇಲ್ಲ. ಆದರೆ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹಾಕತೊಡಗಿದ್ದು ನನಗೆ ಕಂಡಿತು. ಬದುವಿನ ಮೇಲೆ ಸತ್ತ ಬೆಳ್ಳಕ್ಕಿಗಳನ್ನು ಕಂಡಿದ್ದೇನೆ. ಒಂದು ವರ್ಷ ಉಂಗುರವಿಲ್ಲದ ಸಣ್ಣ ಕಡಲ ಹಕ್ಕಿಗಳನ್ನೂ ಕಂಡೆ. ಅಧ್ಯಕ್ಷನಾಗಿ ಒಂದು ಮಾತು ಆಡಬೇಕಿತ್ತು. ವಿಷದ ಮಾತು ತೆಗೆದರೆ, ಅದು ಹೇಗೆ ಕೊಲ್ಲುತ್ತದೆ ಎಂದು ವಿವರಿಸಿದರೆ, ಯಾರಾದರೂ ತಿರುಗಿ ಆ ಕುಡುಗೋಲು ಕೊಕ್ಕಿನ ಹಕ್ಕಿಯ ಬಗ್ಗೆ ಯೋಚಿಸಿಬಿಟ್ಟರೆ... ಹಾಗಾಗಿ ಸುಮ್ಮನಿದ್ದೆ. ಒಂದು ಸುಳ್ಳನ್ನು ಕಾಯುವುದಕ್ಕೆ ಎಂಟು ಮಳೆಗಾಲ ಸುಮ್ಮನಿದ್ದೆ.

ಈಗ ಮೇಡಂ ಮತ್ತೆ ಫೋನ್ ಮಾಡಿದ್ದಾರೆ. ಮುಂದಿನ ತಿಂಗಳು ದಾರಿಯ ದೇಶಗಳವರು, ಸುತ್ತಿನ ಕೆರೆಗಳ ರೈತರು, ಮೀನಿನವರು ನಮ್ಮ ಏರಿಯ ಮೇಲೆ ಸೇರುತ್ತಾರೆ. ಬಲೆಯ ನಿಯಮಗಳನ್ನು ಇನ್ನೂ ಬಿಗಿ ಮಾಡುವ ಮಾತಿದೆ. "ನೀವು ಕಂಡದ್ದನ್ನು ನಿಮ್ಮ ಬಾಯಲ್ಲೇ ಹೇಳಬೇಕು," ಅಂದರು. ಆಗಲಿ ಎಂದೆ. ಫೋನ್ ಇಟ್ಟ ಮೇಲೆ ಆ ಮಾತನ್ನು ಅಭ್ಯಾಸ ಮಾಡಿಕೊಳ್ಳಲು ಶುರುಮಾಡಿದ್ದೆ. ಎಲ್ಲಿ ನಿಂತಿದ್ದೆ, ತೆಪ್ಪ ಎಲ್ಲಿತ್ತು, ಹಕ್ಕಿ ಹೇಗೆ ಮುಳುಗಿತು — ಒಂದೊಂದೂ ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬಂದದ್ದಕ್ಕೆ ಹೆದರಿದೆ.

ಕಳೆದ ಶನಿವಾರ ಸಂತೆಗೆ ಹೋಗಿ ಮೊಯ್ದುವಿನ ಎದುರು ನಿಂತು ಎಲ್ಲವನ್ನೂ ಹೇಳಿದೆ. ಅವನು ಮೀನು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಒಬ್ಬ ಹೆಂಗಸಿಗೆ ತುಂಡು ಮಾಡಿ ಕಟ್ಟಿ ಕೊಟ್ಟು, ಹಲಗೆ ತೊಳೆದು, ಆಮೇಲೆ ತಲೆ ಎತ್ತಿದ.

"ಎಂಟು ವರ್ಷ ನಾನು ಆಯಿಷಾನ ಬೈದಿದೀನಿ ಗೌಡ್ರೇ," ಅಂದ. "ಜಗಳ ಬಂದಾಗೆಲ್ಲ ಅದೇ ಮಾತು. ಆವತ್ತು ನಿಂಗೆ ಜ್ವರ ಬರ್ದೆ ಇದ್ರೆ ನನ್ ಕೈಯಿಂದ ಕೆರೆ ಹೋಗ್ತಿರ್ಲಿಲ್ಲ ಅಂತ. ಮೊದ್ಲು ಹೋಗಿ ಅವ್ಳಿಗೆ ಹೇಳಿ."

ಹೋಗಿ ಹೇಳಿದೆ. ಆಯಿಷಾ ಬಾಗಿಲಲ್ಲೇ ನಿಂತು ಕೇಳಿದಳು. ಒಳಗೆ ಬನ್ನಿ ಅನ್ನಲಿಲ್ಲ. "ಹೇಳಿದ್ರಲ್ಲ, ಆಯ್ತು," ಎಂದು ಬಾಗಿಲು ಮುಂದೆ ಮಾಡಿದಳು.

ತಿರುಗಿ ಅಂಗಡಿಗೆ ಬಂದಾಗ ಮೊಯ್ದು ಕತ್ತಿ ಮಸೆಯುತ್ತಿದ್ದ. ಕ್ಷಮಿಸು ಅನ್ನುವುದಕ್ಕೆ ಬಾಯಿ ತೆರೆದೆ. ಅವನು ಕೈ ಅಡ್ಡ ಮಾಡಿದ.

"ಅದೆಲ್ಲ ಬೇಡ. ಆವತ್ತು ನೀವು ಹೇಳಿದ್ದನ್ನ ಅವ್ರು ಬರ್ಕೊಂಡ್ರು. ಈಗ ನನ್ ಹತ್ರ ಬಾಯಲ್ಲಿ ಹೇಳಿ ಮನೆಗೆ ಹೋದ್ರೆ ಆಯ್ತಾ? ಬರೀರಿ. ನಂಗಿಂತ ಅರ್ಧ ಕ್ಲಾಸು ಜಾಸ್ತಿ ಓದಿದೀನಿ ಅಂತಿದ್ರಲ್ಲ."

ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ. ಪಾರ್ವತಿ ಓದಿದಳು. ಊಟಕ್ಕೆ ಬಡಿಸುವಾಗ ಒಂದೇ ಕೇಳಿದಳು, "ಅನ್ನ ನಮ್ಮ ಮನೇದೇನಾ ಕಲಸಿದ್ದು?" ಹೌದು ಎಂದೆ. ಆ ದಿನದ ಅನ್ನ ಮಾಡಿದವಳು ಅವಳು.

ಅಧ್ಯಕ್ಷನ ಸ್ಥಾನ ಬಿಟ್ಟಿದ್ದೇನೆ. ಏರಿಯ ಮೇಲೆ ಎಲ್ಲರೂ ಸೇರುವ ದಿನ ಹನ್ನೊಂದು ಬಿಲಗಳಿದ್ದ ಜಾಗವನ್ನು ಒಂದೊಂದಾಗಿ ನಾನೇ ತೋರಿಸುತ್ತೇನೆ. ಹರಳು ಹೇಗೆ ಏಡಿಗೆ, ಏಡಿಯಿಂದ ಹೇಗೆ ಹಕ್ಕಿಗೆ ಎಂದು ಹೇಳುತ್ತೇನೆ. ಮೊಯ್ದುವಿಗೂ ಬರಲು ಹೇಳಿದ್ದೇನೆ. ಬರುತ್ತೇನೆ ಎಂದಿಲ್ಲ. ಕೆರೆಯನ್ನು ಅವನಿಗೆ ತಿರುಗಿ ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಅವನು ತೆಗೆದುಕೊಳ್ಳುತ್ತಾನೋ ಇಲ್ಲವೋ ಗೊತ್ತಿಲ್ಲ. ಎತ್ತರದ ಮನುಷ್ಯ ಬದುಕಿದ್ದರೆ ಅವನಿಗೂ ಒಂದು ಮಾತು ತಿಳಿಸಬೇಕು: ಬೇಗ ಹೋಗಲಿಲ್ಲ. ತುಂಬ ಒದ್ದಾಡಿತು.

ಮೇಡಂ, ಈ ಕಾಗದ ನಿಮಗೆ. ನನ್ನ ಸುಳ್ಳನ್ನು ಯಾವ ಯಾವ ಭಾಷೆಗೆ ತಿರುಗಿಸಿದಿರೋ ಆ ಭಾಷೆಗಳಿಗೆಲ್ಲ ಇದನ್ನೂ ತಿರುಗಿಸಿ. ಆ ಸಭೆಯಲ್ಲಿ ಓದಿದ ಸಾಲನ್ನು ತೆಗೆಯಬೇಡಿ, ಇರಲಿ. ಅದರಲ್ಲಿ ಮೀನಿನ ಬಲೆ ಎಂದು ಇರುವ ಕಡೆ ಮಾತ್ರ ಅಡ್ಡ ಗೆರೆ ಎಳೆದು, ಮೇಲೆ ನನ್ನ ಹೆಸರು ಬರೆಯಿರಿ.